ಗೋವೆಯ ಲವಣಸಂಧಿಯೂ ಗೋಕಾವಿಯ ಸೀಮೆಯೂ

ಎರಡು ರಾಜ್ಯಗಳು ತಮ್ಮ ನಡುವಿನ ಸುಂಕಗಳನ್ನು ತೆಗೆದುಹಾಕಿ ನಿರ್ಬಾಧವಾದ ವ್ಯಾಪಾರವನ್ನು ನಡೆಸುವ ಒಪ್ಪಂದಗಳು ಕೇವಲ ಆಧುನಿಕವೆಂಬ ಭಾವನೆಯು ವಿದ್ಯಾವಂತರಲ್ಲಿಯೂ ಕಂಡುಬರುವದು. 2000ನೆಯ ಇಸವಿಯಲ್ಲಿ ಜಾರಿಗೆ ಬಂದ ಶ್ರೀಲಂಕೆಯೊಡನೆಯ ಒಪ್ಪಂದದಿಂದಲೇ ನಮ್ಮವರು ಈ ಕಥೆಯನ್ನು ಆರಂಭಿಸುವರು. ಆದರೆ ಅದಕ್ಕಿಂತ ನೂರಿಪ್ಪತ್ತು ವರ್ಷಗಳ ಪೂರ್ವದಲ್ಲಿಯೇ, ಬೆಳಗಾವಿ ಜಿಲ್ಲೆಯ ಪಡುಬಾಗಿಲಲ್ಲಿ, ಅಂಥದೊಂದು ಒಪ್ಪಂದವು ಹನ್ನೆರಡು ವರುಷ ಬಾಳಿ ಅಳಿಯಿತೆಂಬುದನ್ನು ಸಾಹಿತ್ಯದ ಅಧ್ಯಾಪಕರಿಗೆ ನೆನಪು ಮಾಡಿಕೊಡುವದೇ ಈ ಲೇಖನದ ಉದ್ದೇಶವು.

1878ನೆಯ ಡಿಸೆಂಬರ 26ರಂದು ಲಿಸ್ಬನ್ ನಗರದಲ್ಲಿ ಇಂಗ್ಲಂಡವೂ ಪೋರ್ತುಗಾಲವೂ ಒಂದು ಸಂಧಿಗೆ ಸಹಿ ಹಾಕಿದವು. 1880ರ ಜನೆವರಿ 15ರಿಂದ ಅದು ಆಚರಣೆಗೆ ಬಂದಿತು. ಗೋವೆಗೂ ಬ್ರಿಟಿಷ್ ಭಾರತಕ್ಕೂ ನಡುವಣ ಸುಂಕದಕಟ್ಟೆಗಳು ಎದ್ದುಹೋದವು. ಹೊರಗಿನಿಂದ ಬರುವ ಸರಕಿಗೆ ಎರಡೂ ಕಡೆ ಒಂದೇ ದರವು ಗೊತ್ತಾಯಿತು. ನಾಣ್ಯವೂ ಏಕರೂಪವಾಗಿ, ಪೋರ್ತುಗಾಲದ ಅರಸನ ಮುಖವುಳ್ಳ ರೂಪಾಯಿಗಳು ಕಲಕತ್ತೆಯ ಟಂಕಸಾಲೆಯಲ್ಲಿ ಅಚ್ಚಾದವು. ಮಡಗಾಂವಿಯ ಬಂದರದಿಂದಲ್ಲ, ಮುರ್ಮುಗಾಂವಿಯಿಂದ ಘಟ್ಟದ ಮೇಲಣ ಕ್ಯಾಸಲ್ ರಾಕಿನ ವರೆಗೆ ಉಗಿಬಂಡಿಯ ಹಾದಿಯನ್ನು ಹಾಕುವದಕ್ಕೂ ಇದೇ ಸಂಧಿಯು ಅನುವು ಮಾಡಿಕೊಟ್ಟಿತು. (ಮಡಗಾಂವಿಗೆ ಬಂದರವೇ ಇಲ್ಲವಾದರೂ ನಮ್ಮಲ್ಲಿ ಕೆಲವರು ಎರಡು ಹೆಸರುಗಳನ್ನೂ ಒಂದೇ ಮಾಡಿಕೊಂಡಿರುವದರಿಂದ ಇಷ್ಟು ಹೇಳಬೇಕಾಯಿತು.)

ಇಲ್ಲಿಯ ವರೆಗೆ ಎಲ್ಲವೂ ಸಮಸಂಧಿಯಂತೆಯೇ ತೋರುವದು. ವೈಷಮ್ಯವಿರುವದು ಉಪ್ಪಿನಲ್ಲಿ. ಗೋವೆಯ ಅಗರಗಳ ಉಪ್ಪು ಅನಾದಿಯಾಗಿ ಹೇರೆತ್ತುಗಳ ಮೇಲೆ ಘಟ್ಟವನ್ನೇರಿ ಬಯಲುಸೀಮೆಗೆ ಬರುತ್ತಿದ್ದಿತು. ಹುಕ್ಕೇರಿ, ಗೋಕಾವಿ, ಆಗ ಗೋಕಾವಿ ತಾಲೂಕಿನೊಳಗೇ ಇದ್ದ ಮೂಡಲಗಿ, ಈ ಊರುಗಳ ಒಕ್ಕಲಿಗನಿಗೆ ಕಡಲ ಸೀಮೆಯ ಪದಾರ್ಥಗಳಲ್ಲಿ ನಿತ್ಯವೂ ಬೇಕಾದುದು ಉಪ್ಪೊಂದೇ. ಸಂಧಿಯಾದರೋ ಉಳಿದ ಸರಕುಗಳಿಗೆ ಬಿಡುಗಡೆಯನ್ನಿತ್ತು, ಉಪ್ಪನ್ನು ಮಾತ್ರ ಬ್ರಿಟಿಷರ ಕಟ್ಟುಪಾಡಿಗೆ ಸಿಕ್ಕಿಸಿತು. ಉಪ್ಪಿನ ತೆರಿಗೆಯು ಆಗ ಮುಂಬಯಿ ಇಲಾಖೆಯಲ್ಲಿ ಮಣಕ್ಕೆ ಎರಡೂವರೆ ರೂಪಾಯಿ. 1882ರಲ್ಲಿ ಎರಡಕ್ಕೆ ಇಳಿದು, 1888ರಲ್ಲಿ ಮರಳಿ ಎರಡೂವರೆಗೆ ಏರಿತು. ಗೋವೆಯಲ್ಲಿ ಉಪ್ಪಿನ ಉತ್ಪತ್ತಿಗೆ ಮಿತಿಯನ್ನು ಹಾಕಿದ್ದಕ್ಕೆ ಪ್ರತಿಯಾಗಿ ಹಿಂದುಸ್ತಾನ ಸರಕಾರವು ಪಣಜಿಯ ಬೊಕ್ಕಸಕ್ಕೆ ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿಗಳನ್ನು ಸಲ್ಲಿಸತಕ್ಕದ್ದೆಂದು ಗೊತ್ತಾಯಿತು.

ಈ ನಾಲ್ಕು ಲಕ್ಷವನ್ನು ಓದಿದಾಗ ನನಗೆ ಕೌಟಿಲ್ಯನ ನೆನಪಾಗುವದು. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಲವಣಾಧ್ಯಕ್ಷನ ವಿಷಯವುಂಟು. ಪರದೇಶದಿಂದ ಬಂದ ಉಪ್ಪು ಆರನೆಯ ಒಂದು ಭಾಗವನ್ನು ಕೊಡಬೇಕು. ಅದನ್ನು ಕೊಳ್ಳುವವನು ಶುಲ್ಕವಲ್ಲದೆ, ರಾಜಪಣ್ಯಕ್ಕೆ ಆಗುವ ಹಾನಿಗೆ ತಕ್ಕಂತೆ ವೈಧರಣವೆಂಬ ಪರಿಹಾರವನ್ನೂ ತೆರಬೇಕು. ಶ್ರೋತ್ರಿಯರಿಗೂ ತಪಸ್ವಿಗಳಿಗೂ ಬಿಟ್ಟಿಯಾಳುಗಳಿಗೂ ಮಾತ್ರ ಊಟದ ಉಪ್ಪು ಶುಲ್ಕವಿಲ್ಲದೆ ದೊರೆಯುವದು. (ಲಿಸ್ಬನ್ನಿನ ಸಂಧಿಯಲ್ಲಿ ನಮ್ಮಂಥ ಶ್ರೋತ್ರಿಯರಿಗೆ ಆ ಸೌಕರ್ಯವೂ ಉಳಿಯಲಿಲ್ಲ.) ಪರಿಹಾರದ ತತ್ತ್ವವು ಎರಡು ಕಡೆಯೂ ಒಂದೇ, ಆದರೆ ಕೌಟಿಲ್ಯನಲ್ಲಿ ಅದು ಒಳಗಿನ ಉತ್ಪತ್ತಿಯನ್ನು ಕಾಯುವದಕ್ಕಾಗಿ, ಇಲ್ಲಿಯಾದರೆ ಅದನ್ನು ನಿಲ್ಲಿಸುವದಕ್ಕಾಗಿ. ಬೊಕ್ಕಸಕ್ಕೆ ಸೇರಿದ ಹಣವು ಅಗರದ ಕೂಲಿಯವನ ಕೆಲಸಕ್ಕೆ ಬದಲಾಗಲಾರದು. ಶೇಂದಿಯ ಮೇಲಣ ಅಬಕಾರಿಯೂ ಇದಕ್ಕೆ ಕೂಡಿದುದರಿಂದ ಗೋವೆಯಲ್ಲಿ ಅಸಮಾಧಾನವು ಬೆಳೆಯಿತು.

ಮತ್ತೊಂದು ಸಂಗತಿಯು ಇದಕ್ಕಿಂತ ಸೂಕ್ಷ್ಮವಾದುದು. 1882ರಲ್ಲಿ ಹಿಂದುಸ್ತಾನ ಸರಕಾರವು ಮ್ಯಾಂಚೆಸ್ಟರಿನ ಅರಿವೆಯೇ ಮೊದಲಾದ ಬಹುತೇಕ ಸರಕುಗಳ ಆಮದು ಸುಂಕವನ್ನು ತೆಗೆದುಬಿಟ್ಟಿತು. ಸುಂಕದ ದರವು ಎರಡೂ ಕಡೆ ಒಂದೇ ಆಗಿದ್ದುದರಿಂದ, ಅನ್ಯರು ತಮ್ಮ ಹಿತಕ್ಕಾಗಿ ಮಾಡಿದ ನಿರ್ಣಯವು ಗೋವೆಯ ಆದಾಯಕ್ಕೂ ತಗುಲಿತು. ಸಣ್ಣ ರಾಜ್ಯವು ದೊಡ್ಡದರೊಡನೆ ಕೂಡಿದಾಗ ಕಳೆದುಕೊಳ್ಳುವದು ಸುಂಕವನ್ನಷ್ಟೇ ಅಲ್ಲ, ಸುಂಕವನ್ನು ಗೊತ್ತುಮಾಡುವ ಅಧಿಕಾರವನ್ನೂ ಎಂಬುದು ನನ್ನ ಅಭಿಪ್ರಾಯವು.

ಹಾಗಾದರೆ ಗೋಕಾವಿಯ ಸೀಮೆಗೆ ಆದ ಲಾಭವೇನು? 1885ರಲ್ಲಿ ಸ್ಥಾಪಿತವಾದ ಕಂಪನಿಯು ಘಟಪ್ರಭೆಯ ಧಬಧಬೆಯ ನೀರಿನ ಬಲದಿಂದ ನೂಲಿನ ಗಿರಣಿಯನ್ನು ನಡೆಸತೊಡಗಿದುದು ಇದೇ ಅವಧಿಯಲ್ಲಿ. ಅದರ ನೂಲಿಗೆ ಗೋವೆಯ ಗಡಿಯಲ್ಲಿ ತಡೆಯಿರಲಿಲ್ಲ. ಗೋವೆಯ ನೇಕಾರನಿಗೆ ಮಾತ್ರ ಗಿರಣಿಯ ಸರಕಿನಿಂದಲೂ ವಿಲಾಯತಿ ಅರಿವೆಯಿಂದಲೂ ರಕ್ಷಣೆಯಿಲ್ಲದಾಯಿತು. ಹತ್ತಿಯ ಹಾದಿಯೂ ಬದಲಾಯಿತು. ಪೂರ್ವದಲ್ಲಿ ಅದು ಬಂಡಿಗಳಲ್ಲಿ ಘಟ್ಟವಿಳಿದು ವೆಂಗುರ್ಲೆಯ ಬಂದರಕ್ಕೆ ಹೋಗುತ್ತಿದ್ದಿತು. 1888ರಲ್ಲಿ ಮುರ್ಮುಗಾಂವಿಯ ಹಾದಿಯು ಮುಗಿದಾಗ ಬಯಲುಸೀಮೆಯ ಹತ್ತಿಯೆಲ್ಲ ಅಲ್ಲಿಗೇ ಇಳಿಯುವದೆಂಬ ಎಣಿಕೆಯಿದ್ದಿತು. ಅಷ್ಟರಲ್ಲಿಯೇ ಬೆಳಗಾವಿಯಿಂದ ಪುಣೆಗೆ ಹೋಗುವ ದಾರಿಯೂ ಸಿದ್ಧವಾಗಿ, ಮುಂಬಯಿಯ ಪೇಟೆಯು ಸಾಹುಕಾರನಿಗೆ ಸಮೀಪವಾಯಿತು. ವೆಂಗುರ್ಲೆಯು ಸೊರಗಿತು, ಮುರ್ಮುಗಾಂವಿಯು ಬಯಸಿದಷ್ಟು ಬೆಳೆಯಲಿಲ್ಲ, ಉಗಿಬಂಡಿಯ ಕಂಪನಿಗೆ ಕೊಟ್ಟ ಬಡ್ಡಿಯ ಭರವಸೆಯು ಪೋರ್ತುಗೀಜರ ಕೊರಳಿಗೆ ಉಳಿಯಿತು. 1902ರಲ್ಲಿ ಆ ಹಾದಿಯನ್ನು ನಡೆಸುವ ಕೆಲಸವು ಸದರ್ನ್ ಮರಾಠಾ ಕಂಪನಿಯ ಕೈಸೇರಿತು.

ಸಂಧಿಯಾದರೋ ಅದಕ್ಕೂ ಮೊದಲೇ, 1892ರ ಜನೆವರಿಯಲ್ಲಿ, ಅವಧಿಯು ತೀರಿ ಮುಗಿದಿದ್ದಿತು. ಸುಂಕದಕಟ್ಟೆಗಳು ಮತ್ತೆ ಎದ್ದವು. ಕ್ಯಾಸಲ್ ರಾಕಿನ ಗಡಿಯಲ್ಲಿ ಪ್ರಯಾಣಿಕರ ಗಂಟುಮೂಟೆಗಳನ್ನು ಬಿಚ್ಚಿಸಿ ನೋಡುವ ಪದ್ಧತಿಯು ಬಹುಕಾಲ ನಡೆಯಿತು. 1961ರ ಡಿಸೆಂಬರದಲ್ಲಿ ಗೋವೆಯು ಭಾರತಕ್ಕೆ ಸೇರಿದ ಮೇಲೆ, ಯಾವ ಒಪ್ಪಂದವೂ ಇಲ್ಲದೆ, ಆ ಗಡಿಯ ಸುಂಕವು ಇಲ್ಲವಾಯಿತು.