ಊರಿನ ಹೆಸರು ಹೊತ್ತ ಸೊಂಟದ ನೋವು

ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಹಂದಿಗೋಡು ಗ್ರಾಮದ ಹೆಸರು ವೈದ್ಯಕೀಯ ಪುಸ್ತಕಗಳಲ್ಲಿದೆ. ಅಡಿಕೆಗಾಗಿ ಅಲ್ಲ, ಕಾಯಿಲೆಗಾಗಿ.

1974-75ರ ಹೊತ್ತಿಗೆ ಇಲ್ಲಿನ ಚನ್ನಂಗಿ, ಚಲವಾದಿ ಸಮುದಾಯದ ದಲಿತ ಕುಟುಂಬಗಳಲ್ಲಿ ಸೊಂಟ, ಮಂಡಿ ನೋವಿನಿಂದ ನಡೆಯಲಾಗದವರು ಇರುವುದು ಹೊರಜಗತ್ತಿಗೆ ತಿಳಿಯಿತು. ಕೆಲವರು ಕೋಲೂರಿ ನಡೆಯುತ್ತಿದ್ದರೆ ಕೆಲವರು ತೆವಳುತ್ತಿದ್ದರು. ಕೆಲವರ ಎತ್ತರವೇ ಬೆಳೆದಿರಲಿಲ್ಲ.

ಮೊದಲು ಅನುಮಾನ ಬಿದ್ದದ್ದು ಬಡವರ ಊಟದ ಮೇಲೆ. ಕೀಟನಾಶಕ ಸಿಂಪಡಿಸಿದ ಗದ್ದೆಯ ಏಡಿ ತಿಂದದ್ದೇ ಕಾರಣ ಎಂಬ ಮಾತು ಹಬ್ಬಿತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಸಂಶೋಧಕರು 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ದಾಖಲಿಸಿದರು. ಮುಂದೆ ವಂಶಾವಳಿಗಳನ್ನೂ ಎಕ್ಸ್‌ರೇಗಳನ್ನೂ ಪರಿಶೀಲಿಸಿದಾಗ ಇದು ಆನುವಂಶಿಕ ಎಂಬುದು ಸ್ಪಷ್ಟವಾಯಿತು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಅರ್ಧದಷ್ಟು.

ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಿನಲ್ಲಿ ತಿರುಗುತ್ತದೆ. ಎರಡಕ್ಕೂ ಮೃದ್ವಸ್ಥಿಯ ನುಣುಪು ಹೊದಿಕೆಯಿದೆ. ಹಂದಿಗೋಡು ಕಾಯಿಲೆಯಲ್ಲಿ ಮೂಳೆಯ ತುದಿಯೇ ಸರಿಯಾಗಿ ಬೆಳೆಯದೆ, ಹೊದಿಕೆ ಬೇಗ ಸವೆಯುತ್ತದೆ. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ಹಾಗಾಗಿ ಅದು ತಾನಾಗಿ ಚೇತರಿಸಿಕೊಳ್ಳುವುದು ಕಷ್ಟ. ಹಾಳಾದ ಮೃದ್ವಸ್ಥಿ ಮರಳಿ ಬಾರದೆಂದು ವಿಲಿಯಂ ಹಂಟರ್ ಲಂಡನ್ನಿನಲ್ಲಿ 1743ರಲ್ಲೇ ಬರೆದಿದ್ದ.

ದಾರಿ ತೆರೆದದ್ದು 1962ರಲ್ಲಿ. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಲೋಹದ ಗುಂಡು, ಗಟ್ಟಿ ಪಾಲಿಥೀನ್ ಬಟ್ಟಲು ಜೋಡಿಸಿ ಸೊಂಟದ ಕೀಲನ್ನೇ ಬದಲಿಸುವ ಕ್ರಮವನ್ನು ನೆಲೆಗೊಳಿಸಿದರು. ಹಂದಿಗೋಡು ಸುದ್ದಿಯಾಗುವುದಕ್ಕೆ ಹನ್ನೆರಡು ವರ್ಷ ಮೊದಲೇ ಪರಿಹಾರ ಜಗತ್ತಿನಲ್ಲಿತ್ತು. ಆದರೆ ಶಸ್ತ್ರಚಿಕಿತ್ಸೆ ಆದವರಿಗೆ ಸಾಮಾನ್ಯವಾಗಿ ಕುಕ್ಕರಗಾಲಲ್ಲಿ ಕೂರಬೇಡಿ, ತೀರಾ ಬಗ್ಗಬೇಡಿ ಎನ್ನುತ್ತಾರೆ. ನಾಟಿ, ಕಳೆ, ಕೊಯ್ಲಿನ ಕೂಲಿಯಲ್ಲೇ ಬದುಕುವವರು ಬಗ್ಗದೆ ದುಡಿಯುವುದು ಹೇಗೆ? ಕೀಲಿನ ಜೊತೆ ಕೆಲಸವೂ ಬದಲಾಗಬೇಕು. ಅದು ಆಸ್ಪತ್ರೆಯೊಂದರಿಂದಲೇ ಆಗುವ ಕೆಲಸವಲ್ಲ.

ಪತ್ರಿಕೋದ್ಯಮ ಓದಿದ ನಮಗೂ ಇಲ್ಲೊಂದು ಪಾಠವಿದೆ. 'ನಿಗೂಢ ಕಾಯಿಲೆ' ಎಂಬ ತಲೆಬರಹ ಬರೆಯುವುದು ಸುಲಭ. ಆದರೆ ಇದು ಅಂಟುವುದಿಲ್ಲ, ಏಡಿ ತಿಂದು ಬರುವುದೂ ಅಲ್ಲ ಎಂದು ಬಿಡಿಸಿ ಬರೆಯದಿದ್ದರೆ, ಮದುವೆಯ ಮಾತು ಬಂದಾಗ ಆ ಊರಿನ ಹೆಸರೇ ಅಡ್ಡಿಯಾಗುತ್ತದೆ. ಊರಿನ ಹೆಸರನ್ನು ಕಾಯಿಲೆಗೆ ಇಟ್ಟಾಗಿದೆ. ಆ ಹೆಸರು ಬರೆಯುವಾಗಲೆಲ್ಲ ಅಲ್ಲಿನ ಜನರ ಬದುಕನ್ನೂ ಜೊತೆಗೆ ಬರೆಯುವುದು ನಮ್ಮ ಕೈಯಲ್ಲಿದೆ.