ತಂಪು ಕಾಯುವ ಕಸುಬು: ರಾಮನಗರ ಸೀಮೆಯಲ್ಲಿ ಶೀತಪೆಟ್ಟಿಗೆಯ ಚರಿತ್ರೆ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಗಳ ಚರಿತ್ರೆಯಲ್ಲಿ ರೇಷ್ಮೆ, ರಾಗಿ, ಅರಗಿನ ಬಣ್ಣದ ಗೊಂಬೆ ಹಾಗೂ ಕಲ್ಲುಗಣಿಗಳಿಗೆ ದೊರೆತ ಪುಟಗಳು ತಂಪಿಗೆ ದೊರೆತಿಲ್ಲ. ಬೇಕರಿಯ ಬಾಗಿಲಲ್ಲೂ ಬಸ್ ನಿಲ್ದಾಣದ ಅಂಗಡಿಯ ಮುಂಗಟ್ಟಿನಲ್ಲೂ ಗಾಜಿನ ಜಾರುಮುಚ್ಚಳ ಹೊತ್ತು ನಿಂತಿರುವ ಐಸ್‌ಕ್ರೀಂ ಫ್ರೀಜರ್ ತೀರ ಈಚಿನದೆಂಬ ಕಾರಣಕ್ಕೆ ಅದನ್ನು ಇತಿಹಾಸದ ವಸ್ತುವೆಂದು ಎಣಿಸುವವರು ವಿರಳ. ಆದರೆ ಆ ಪೆಟ್ಟಿಗೆ ಅಂಗಡಿಗೆ ಬರುವ ಮೊದಲೇ ಈ ಸೀಮೆಯ ಬದುಕು ಯಂತ್ರದ ತಂಪನ್ನು ಅವಲಂಬಿಸಿತ್ತು. ರೇಷ್ಮೆಹುಳುವಿನ ಮೊಟ್ಟೆ ಮತ್ತು ಹಸುವಿನ ಹಾಲು ಎಂಬ ಎರಡು ಜೀವನಾಧಾರಗಳಿಗೆ ಅದು ಬೇಕಾಗಿತ್ತು, ನಾಲಿಗೆಯ ರುಚಿ ಆಮೇಲೆ ಬಂದಿತು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ, ತಂಪನ್ನು ಉಂಟುಮಾಡುವುದಕ್ಕಿಂತ ಅದು ನಡುವೆ ಕಡಿಯದಂತೆ ಕಾಯುವುದೇ ಇಲ್ಲಿ ಯಾವಾಗಲೂ ಹೆಚ್ಚಿನ ಶ್ರಮವನ್ನು ಬೇಡಿತೆಂಬುದು ಸ್ಪಷ್ಟವಾಗುತ್ತದೆ.

ಬಂಡೆಗಳ ಈ ನಾಡಿನಲ್ಲಿ ಚೈತ್ರ ವೈಶಾಖಗಳ ಬಿಸಿಲು ಹಗಲಿಗೆ ಮುಗಿಯುವುದಿಲ್ಲ. ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದು, ಅಂದರೆ ರಾಮನಗರದ ಬ್ರಿಟಿಷರ ಕಾಲದ ಹೆಸರಿನಿಂದಲೇ, ಕರೆಯುವ ಈ ಕಲ್ಲು ಹಗಲು ಹೀರಿದ ಶಾಖವನ್ನು ರಾತ್ರಿಯೂ ಬಿಡುತ್ತಿರುತ್ತದೆ. ಮಣ್ಣಿನ ಮಡಕೆಯ ಹೊರಮೈಯಲ್ಲಿ ಒಸರಿದ ನೀರು ಆವಿಯಾಗುತ್ತ ಒಳಗಿನ ನೀರಿನ ಶಾಖವನ್ನು ಒಯ್ಯುವುದೇ ಇಲ್ಲಿನ ಜನಕ್ಕೆ ಶತಮಾನಗಳ ಕಾಲ ದೊರೆಯುತ್ತಿದ್ದ ತಂಪಾಗಿತ್ತು. ಪೆಟ್ಲುಪ್ಪನ್ನು ನೀರಿನಲ್ಲಿ ಕದಡಿದರೆ ಆ ನೀರು ತಣ್ಣಗಾಗುತ್ತದೆ ಎಂಬ ವಿದ್ಯೆಯನ್ನು ಅಬುಲ್ ಫಜಲ್ ಅಕ್ಬರನ ಆಸ್ಥಾನದ ವರ್ಣನೆಯಲ್ಲಿ ದಾಖಲಿಸಿದ್ದಾನೆ. ಅದು ಅರಮನೆಗಳ ಭೋಗವಾಗಿಯೇ ಉಳಿಯಿತು. 1833ರಲ್ಲಿ ಅಮೆರಿಕದ ಬಾಸ್ಟನ್ನಿನ ಕೆರೆಗಳಿಂದ ಕೊರೆದ ಮಂಜುಗಡ್ಡೆ ಹಡಗಿನಲ್ಲಿ ಕಲ್ಕತ್ತೆಗೆ ಬಂದು, ಮುಂದೆ ಮದರಾಸಿನ ಕಡಲತೀರದಲ್ಲಿ ಅದಕ್ಕೆಂದೇ ಮನೆಯೊಂದು ಕಟ್ಟಲ್ಪಟ್ಟರೂ, ಒಳನಾಡಿನ ಪೇಟೆಗಳಿಗೆ ಅದು ದೂರದ ಮಾತೇ ಆಗಿತ್ತು.

ಯಂತ್ರದ ತಂಪಿಗೆ ವಿದ್ಯುತ್ತು ಬೇಕು. ಈ ವಿಷಯದಲ್ಲಿ ಸೀಮೆಯ ಅದೃಷ್ಟ ವಿಚಿತ್ರವಾಗಿತ್ತು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದಾಗ, ಸುಮಾರು 147 ಕಿಲೋಮೀಟರ್ ಉದ್ದದ ಆ ತಂತಿ ಕನಕಪುರದ, ಅಂದಿನ ಕಾನಕಾನಹಳ್ಳಿಯ, ಸೀಮೆಯನ್ನು ದಾಟಿಕೊಂಡೇ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ವಿದ್ಯುದ್ದೀಪ ಕಂಡವು. ಏಷ್ಯಾದಲ್ಲೇ ಮೊದಲಿಗರ ಸಾಲಿನಲ್ಲಿ ನಿಲ್ಲುವ ಈ ವಿದ್ಯುತ್ತು ಹುಟ್ಟಿದ ತಾಣಕ್ಕೂ ಬಳಕೆಯಾದ ತಾಣಗಳಿಗೂ ನಡುವೆ ಇದ್ದ ಹಳ್ಳಿಗಳು ಅದರ ಬೆಳಕನ್ನು ಕಾಣಲು ಹಲವು ದಶಕಗಳೇ ಹಿಡಿದವು. ತಂತಿಯ ಕೆಳಗೆ ಬದುಕಿಯೂ ಕತ್ತಲಲ್ಲಿದ್ದ ಆ ಜನರ ಪಾಲಿನ ಅನ್ಯಾಯವನ್ನು ಮೈಸೂರು ಸಂಸ್ಥಾನದ ಪ್ರಗತಿಯ ಕಥೆ ಹೇಳುವವರು ಮರೆಯಬಾರದು.

ಈ ಸೀಮೆಯಲ್ಲಿ ತಂಪಿನ ಅಗತ್ಯವನ್ನು ಮೊದಲು ಗಂಭೀರವಾಗಿ ಎತ್ತಿದ್ದು ರೇಷ್ಮೆ. ಮೈಸೂರು ಸರ್ಕಾರವು ಇಟಲಿಯಿಂದ ವಾಷಿಂಗ್ಟನ್ ಮಾರಿ ಎಂಬ ತಜ್ಞನನ್ನು ಕರೆಸಿ, 1914ರ ಹೊತ್ತಿಗೆ ಚನ್ನಪಟ್ಟಣದಲ್ಲಿ ರೇಷ್ಮೆ ಕ್ಷೇತ್ರವನ್ನು ಸ್ಥಾಪಿಸಿತು. ಅಲ್ಲಿಯವರೆಗೆ ರೈತರ ಮನೆಯಲ್ಲಿದ್ದುದು ಮೈಸೂರು ತಳಿ. ವರ್ಷವಿಡೀ ಒಂದರ ಹಿಂದೊಂದು ಪೀಳಿಗೆ ತೆಗೆಯುವ, ಮೊಟ್ಟೆಯಿಟ್ಟ ಸುಮಾರು 10 ದಿನಕ್ಕೆ ಮರಿಯಾಗುವ ಈ ಹುಳುವಿಗೆ ಚಳಿಗಾಲದ ಹಂಗಿಲ್ಲ. ಜಪಾನ್, ಚೀನಾ, ಯೂರೋಪುಗಳ ತಳಿಗಳ ಸ್ವಭಾವ ಬೇರೆ. ದ್ವಿತಳಿ ಎಂದು ಕರೆಯುವ, ತಮ್ಮ ನಾಡಿನಲ್ಲಿ ವರ್ಷಕ್ಕೆ ಎರಡೇ ಪೀಳಿಗೆ ಕಾಣುವ ಹುಳುಗಳು ಇಡುವ ಮೊಟ್ಟೆ ಕೂಡಲೇ ಒಡೆಯುವುದಿಲ್ಲ. ಒಳಗಿನ ಭ್ರೂಣ ನಿದ್ರೆಗೆ ಇಳಿದು, ತಿಂಗಳುಗಟ್ಟಲೆ ಚಳಿಯನ್ನು ಅನುಭವಿಸಿದ ಮೇಲಷ್ಟೇ ಎಚ್ಚರಗೊಳ್ಳುತ್ತದೆ. ಹಿಮ ಬೀಳುವ ನಾಡಿನಲ್ಲಿ ಇದು ಎಳೆಯ ಹಿಪ್ಪುನೇರಳೆ ಸೊಪ್ಪು ಚಿಗುರುವವರೆಗೆ ಮರಿಯನ್ನು ತಡೆದಿಡುವ ಪ್ರಕೃತಿಯ ಉಪಾಯ. ಚನ್ನಪಟ್ಟಣದಲ್ಲಿ ಅಂಥ ಚಳಿಗಾಲವೇ ಇಲ್ಲ.

ಆದ್ದರಿಂದ ಗಟ್ಟಿನೂಲಿನ ದ್ವಿತಳಿಯನ್ನೂ ಇಲ್ಲಿನ ಹವೆಗೆ ಹೊಂದಿದ ಮೈಸೂರು ತಳಿಯನ್ನೂ ಕೂಡಿಸಿ ಮಿಶ್ರತಳಿ ಬೆಳೆಸುವ ಪದ್ಧತಿ ಹರಡುತ್ತಿದ್ದಂತೆ, ದ್ವಿತಳಿಯ ಮೊಟ್ಟೆಗೆ ಹದವಾದ ಹೈಡ್ರೋಕ್ಲೋರಿಕ್ ಆಮ್ಲದ ಸ್ನಾನ ಮಾಡಿಸಿ ಬೇಗ ಎಬ್ಬಿಸುವುದು ಅಥವಾ ಅದಕ್ಕೆ ಚಳಿಗಾಲವನ್ನು ಕೃತಕವಾಗಿ ಒದಗಿಸುವುದು ಎಂಬ ಎರಡೇ ದಾರಿಗಳು ಉಳಿದವು. ಎರಡನೆಯ ದಾರಿಗೆ ಬೇಕಾದದ್ದು ಶೀತಗೃಹ. ಚಿಟ್ಟೆಗಳಿಂದ ರೋಗವಿಲ್ಲದ ಮೊಟ್ಟೆಯನ್ನು ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಮೊಟ್ಟೆ ಹಾಳೆಗಳನ್ನು ಮೊದಲು ಕೋಣೆಯ ಹವೆಯಲ್ಲಿ ಇರಿಸಿ, ಹಂತಹಂತವಾಗಿ ಇಳಿಸುತ್ತ, 5 ಡಿಗ್ರಿ ಸೆಲ್ಸಿಯಸ್ಸಿಗೂ ಮುಂದೆ 2.5 ಡಿಗ್ರಿಗೂ ತಂದು ತಿಂಗಳುಗಳ ಕಾಲ ಕಾಯುತ್ತಾರೆ. ಹೊರತೆಗೆಯುವಾಗಲೂ ಅದೇ ತಾಳ್ಮೆ ಬೇಕು. ನಡುವೆ ಯಂತ್ರ ನಿಂತು ತಾಪ ಏರಿಳಿದರೆ ಮರಿಗಳು ಒಂದೇ ದಿನ ಒಡೆಯದೆ ಹಿಂದುಮುಂದಾಗಿ ಹೊರಬರುತ್ತವೆ, ಹುಳುಗಳ ವಯಸ್ಸು ಒಂದಾಗದ ಮನೆಯಲ್ಲಿ ಬೆಳೆ ಕೆಡುತ್ತದೆ. ಏಷ್ಯಾದ ಅತಿದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಾಗುವ ಗೂಡಿನ ಗುಣ, ಎಲ್ಲೋ ಒಂದು ಕೋಣೆಯ ತಾಪಮಾಪಕವನ್ನು ಹಗಲಿರುಳು ಗಮನಿಸಿದ ನೌಕರನ ನಿಷ್ಠೆಗೂ ಋಣಿಯಾಗಿರುತ್ತದೆ. ಇದೇ ರೇಷ್ಮೆ ಕಸುಬು ಮೊಟ್ಟೆಯ ತುದಿಯಲ್ಲಿ ತಂಪಿನಿಂದ ಜೀವವನ್ನು ಕಾಯುತ್ತ, ಗೂಡಿನ ತುದಿಯಲ್ಲಿ ಚಿಟ್ಟೆ ನೂಲನ್ನು ತೂತು ಮಾಡಿ ಹೊರಬರದಂತೆ ಬಿಸಿಗಾಳಿಯಿಂದ ಕೋಶವನ್ನು ಕೊಲ್ಲುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಶಾಖ ಮತ್ತು ತಂಪುಗಳ ಲೆಕ್ಕವನ್ನು ಈ ಸೀಮೆ ತನ್ನ ಕಸುಬಿನಿಂದಲೇ ಕಲಿಯಿತು.

ಹಾಲಿನ ತಂಪು ಬಂದದ್ದು ಸಹಕಾರದ ಮೂಲಕ. ಕೆಚ್ಚಲಿನಿಂದ ಸುಮಾರು 37 ಡಿಗ್ರಿ ಬಿಸಿಯಲ್ಲಿ ಹೊರಬರುವ ಹಾಲನ್ನು 4 ಡಿಗ್ರಿಗೆ ಇಳಿಸದಿದ್ದರೆ ಬೇಸಿಗೆಯಲ್ಲಿ ಅದು ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. 1970ರ ದಶಕದ ನಡುವೆ ವಿಶ್ವಬ್ಯಾಂಕಿನ ನೆರವಿನ ಹೈನು ಯೋಜನೆ ಆರಂಭವಾದ ಬಳಿಕ ಹಳ್ಳಿಗಳಲ್ಲಿ ಸಂಘಗಳು, ಜನರು ಡೇರಿ ಎಂದೇ ಕರೆಯುವ ಸಂಸ್ಥೆಗಳು, ಹುಟ್ಟಿಕೊಂಡವು. ಬೆಂಗಳೂರು ಹಾಲು ಒಕ್ಕೂಟದ ಶೀತಲೀಕರಣ ಕೇಂದ್ರಗಳು ಚನ್ನಪಟ್ಟಣದ ಬಳಿಯ ಬೈರಾಪಟ್ಟಣ, ಕನಕಪುರ ಮತ್ತು ಮಾಗಡಿ ಭಾಗದ ಸೋಲೂರುಗಳಲ್ಲಿ ಕೆಲಸ ಮಾಡಿದವು. ಮುಂದೆ ಹಳ್ಳಿಯಲ್ಲೇ ಹಾಲನ್ನು ತಣಿಸುವ ದೊಡ್ಡ ಸ್ಟೀಲ್ ತೊಟ್ಟಿಗಳು, ಬಿಎಂಸಿ ಎಂದು ಹೆಸರಾದವು, ಬಂದ ಮೇಲೆ ಕಂಪ್ರೆಸರ್ ಎಂಬ ಪದ ಎಮ್ಮೆ ಹಸು ಸಾಕುವವರ ಮಾತಿನಲ್ಲೂ ಸೇರಿಕೊಂಡಿತು.

ಐಸ್‌ಕ್ರೀಮಿನ ತಂಪು ಇವೆರಡಕ್ಕಿಂತ ಕಠಿಣವಾದದ್ದು. ಸಕ್ಕರೆ ಕರಗಿರುವ ಹಾಲು 0 ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಅದು ಗಟ್ಟಿಯಾಗಿ ಉಳಿಯಬೇಕಾದರೆ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ತಾಪ ಬೇಕು. ಬರಿಯ ಮಂಜುಗಡ್ಡೆಯಿಂದ ಇದು ಸಾಧ್ಯವಿಲ್ಲದ ಕಾರಣ ಹಳೆಯ ಕಾಲದಲ್ಲಿ ಮಂಜಿಗೆ ಅಡುಗೆ ಉಪ್ಪನ್ನು ಬೆರೆಸುತ್ತಿದ್ದರು. ಆ ಮಿಶ್ರಣ ಸೊನ್ನೆಗಿಂತ ಸುಮಾರು 21 ಡಿಗ್ರಿ ಕೆಳಗಿನವರೆಗೂ ಇಳಿಯಬಲ್ಲದು. ಜಾತ್ರೆಗಳಲ್ಲಿ, ಶಾಲೆಗಳ ಮುಂದೆ, ಸೈಕಲ್ಲಿನ ಹಿಂಬದಿಯ ಪೆಟ್ಟಿಗೆಯಿಂದ ಮಾರಾಟವಾದ ಐಸ್‌ಕ್ಯಾಂಡಿ ಒಂದೇ ಹಗಲಿನ ಸರಕು. ಸಂಜೆಯೊಳಗೆ ಮಾರಿ ಮುಗಿಸಬೇಕಾದ ಆ ವ್ಯಾಪಾರದಲ್ಲಿ ತಂಪನ್ನು ರಾತ್ರಿ ಕಾಯುವ ಪ್ರಶ್ನೆ ಏಳುತ್ತಿರಲಿಲ್ಲ.

ಆ ಪ್ರಶ್ನೆಯನ್ನು ಎಬ್ಬಿಸಿದ್ದು ಸರ್ಕಾರದ ಒಂದು ನೀತಿಯ ಅಂತ್ಯ. ಐಸ್‌ಕ್ರೀಂ ತಯಾರಿಕೆಯು 1997ರವರೆಗೆ ಸಣ್ಣ ಕೈಗಾರಿಕೆಗೆ ಮೀಸಲಾಗಿತ್ತು. ಮೀಸಲು ತೆರವಾದ ಮೇಲೆ ದೊಡ್ಡ ಕಂಪನಿಗಳು ಬಂಡವಾಳ ಹೂಡಿ, ತಮ್ಮ ಹೆಸರು ಬರೆದ ಫ್ರೀಜರುಗಳನ್ನು ಠೇವಣಿಯ ಮೇಲೆ ಅಂಗಡಿಗಳಿಗೆ ಕೊಡುವ ಪದ್ಧತಿ ಸಣ್ಣ ಪಟ್ಟಣಗಳವರೆಗೂ ಹರಡಿತು. ಪೆಟ್ಟಿಗೆ ಕಂಪನಿಯದು, ಜಾಗ ಮತ್ತು ಕರೆಂಟು ಬಿಲ್ಲು ಅಂಗಡಿಯವನದು ಎಂಬ ಈ ಒಪ್ಪಂದದಿಂದ, ಸ್ವಂತ ಯಂತ್ರ ಕೊಳ್ಳಲಾರದ ಚಿಕ್ಕ ಬೇಕರಿಗೂ ಐಸ್‌ಕ್ರೀಂ ಮಾರುವ ಅವಕಾಶ ಸಿಕ್ಕಿತು. ನಂದಿನಿಯ ಜೊತೆಗೆ 2002ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಡೈರಿ ಡೇಯಂಥ ರಾಜ್ಯದ ಸಂಸ್ಥೆಗಳೂ ಬೆಳೆದು, ಹಿಂದೆ ಕನಕಪುರ ತಾಲ್ಲೂಕಿಗೆ ಸೇರಿದ್ದ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಐಸ್‌ಕ್ರೀಂ ಕಾರ್ಖಾನೆಯೇ ನೆಲೆಗೊಂಡಿತು.

ಹೀಗೆ ಬಂದ ಯಂತ್ರವನ್ನು ಸಾಮಾನ್ಯವಾಗಿ ತಂಪು ಹುಟ್ಟಿಸುವ ಪೆಟ್ಟಿಗೆ ಎಂದು ಭಾವಿಸಲಾಗುತ್ತದೆ; ಅದು ಮಾಡುವುದು ಶಾಖವನ್ನು ಒಳಗಿನಿಂದ ಹೊತ್ತು ಹೊರಗೆ ಸುರಿಯುವ ಕೆಲಸವನ್ನು. ಕಂಪ್ರೆಸರ್ ಒತ್ತಿದ ಅನಿಲವು ಹೊರಬದಿಯ ಕೊಳವೆಗಳಲ್ಲಿ, ಅಂದರೆ ಕಂಡೆನ್ಸರಿನಲ್ಲಿ, ಶಾಖ ಬಿಟ್ಟು ದ್ರವವಾಗುತ್ತದೆ. ಕ್ಯಾಪಿಲ್ಲರಿ ಎಂಬ ಕೂದಲೆಳೆಯಂಥ ಕೊಳವೆಯನ್ನು ದಾಟಿ ಒಳಗೋಡೆಯ ಸುರುಳಿಯಲ್ಲಿ ಮತ್ತೆ ಆವಿಯಾಗುವಾಗ ಅಲ್ಲಿನ ಶಾಖವನ್ನು ಹೀರುತ್ತದೆ. ಶಾಖ ಸುರಿಯಲು ಹೊರಗೆ ಗಾಳಿಯಾಡದಿದ್ದರೆ ಒಳಗೆ ತಂಪಾಗದು ಎಂಬ ಒಂದೇ ಸೂತ್ರದಿಂದ ಫ್ರೀಜರ್ ಕೂರಿಸುವ ಬಹುಪಾಲು ನಿಯಮಗಳು ಹುಟ್ಟಿವೆ. ಗೋಡೆಯಿಂದ ಅರ್ಧ ಅಡಿಯಷ್ಟು ಬಿಡಬೇಕು, ಬಿಸಿಲು ಬೀಳಬಾರದು, ಬೋಂಡ ಕರಿಯುವ ಬಾಣಲೆಯೋ ಬೇಕರಿಯ ಒಲೆಯೋ ಹತ್ತಿರವಿರಬಾರದು. ಹತ್ತಡಿ ಅಗಲದ ಅಂಗಡಿಯಲ್ಲಿ ಇವೆಲ್ಲವನ್ನೂ ಪಾಲಿಸುವುದು ಎಷ್ಟು ಕಷ್ಟವೆಂಬುದನ್ನು ಹಳೆಯ ಪೇಟೆಬೀದಿಗಳನ್ನು ಬಲ್ಲವರು ಅರಿಯುತ್ತಾರೆ. ಗಿರಾಕಿಯ ಕಣ್ಣಿಗೆ ಬೀಳಲೆಂದು ಪೆಟ್ಟಿಗೆಯನ್ನು ಬಾಗಿಲಿಗೆ ತಂದರೆ ಬಿಸಿಲು, ಒಳಗೆ ತಳ್ಳಿದರೆ ವ್ಯಾಪಾರವಿಲ್ಲ.

ಸಾಗಣೆಯಲ್ಲಿ ಓರೆಯಾದ ಪೆಟ್ಟಿಗೆಯನ್ನು ಇಳಿಸಿದ ಕೂಡಲೇ ಚಾಲೂ ಮಾಡದೆ, ಕೊಳವೆ ಸೇರಿದ ಎಣ್ಣೆ ಕಂಪ್ರೆಸರಿಗೆ ಮರಳುವಂತೆ ಕೆಲವು ಗಂಟೆ ನೆಟ್ಟಗೆ ನಿಲ್ಲಿಸುತ್ತಾರೆ. ಅರ್ತಿಂಗ್ ಇರುವ ಪ್ರತ್ಯೇಕ ಪ್ಲಗ್ಗು ಕೊಟ್ಟು, ಖಾಲಿಯಾಗಿಯೇ ಓಡಿಸಿ ಪೂರ್ಣ ತಂಪಾದ ಮೇಲೆ ಸರಕು ತುಂಬುತ್ತಾರೆ. ಒಳಗೋಡೆಯಲ್ಲಿ ಗುರುತಿಸಿದ ಗೆರೆಯ ಮೇಲಕ್ಕೆ ಡಬ್ಬಿ ಜೋಡಿಸಬಾರದೆಂಬ ಕಟ್ಟಳೆಗೂ ಕಾರಣವಿದೆ: ತಣ್ಣನೆಯ ಗಾಳಿ ಭಾರವಾಗಿ ತಳದಲ್ಲಿ ನಿಲ್ಲುವುದರಿಂದ ಮೇಲೆ ತೆರೆಯುವ ಪೆಟ್ಟಿಗೆ ತೆರೆದಾಗಲೂ ತಂಪನ್ನು ಅಷ್ಟಾಗಿ ಕಳೆದುಕೊಳ್ಳುವುದಿಲ್ಲ, ಆದರೆ ಆ ಗೆರೆಯ ಮೇಲಿನ ಸರಕು ಗಾಜಿನ ಬಿಸಿಗೆ ಸಿಕ್ಕಿ ಮೆತ್ತಗಾಗುತ್ತದೆ. ಹೀಗೆ ಮೆತ್ತಗಾಗಿ ಮತ್ತೆ ಗಟ್ಟಿಯಾದ ಐಸ್‌ಕ್ರೀಮಿನಲ್ಲಿ ಮಂಜಿನ ಹರಳುಗಳು ದಪ್ಪವಾಗುತ್ತವೆ. ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಭಾಗವನ್ನು ಅವು ಮೀರಿದಾಗ ನಾಲಿಗೆಗೆ ಮರಳು ತಾಗಿದಂತಾಗುತ್ತದೆ.

ಈ ಸೀಮೆಯಲ್ಲಿ ಪೆಟ್ಟಿಗೆಯ ದೊಡ್ಡ ಶತ್ರುವಾಗಿದ್ದುದು ಕರೆಂಟು. ಕರ್ನಾಟಕದ ವಿದ್ಯುತ್ತು ಬಹುಕಾಲ ಜಲಾಶಯಗಳನ್ನೇ ನೆಚ್ಚಿಕೊಂಡಿತ್ತು. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ 1985ರಲ್ಲಿ ಆರಂಭವಾದ ನಂತರವೂ, ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ, ಅಂದರೆ ಐಸ್‌ಕ್ರೀಮಿಗೆ ಬೇಡಿಕೆ ಹೆಚ್ಚಿರುವ ತಿಂಗಳುಗಳಲ್ಲೇ, ಕಡಿತ ಕಾಡುತ್ತಿತ್ತು. ಕರೆಂಟು ಹೋಗುವುದಕ್ಕಿಂತ ಅದು ಬರುವ ಗಳಿಗೆಯೇ ಅಪಾಯಕಾರಿ: ನಿಂತ ಕೂಡಲೇ ಕೊಳವೆಗಳ ಒತ್ತಡ ಸಮವಾಗಿರುವುದಿಲ್ಲ, ಅಷ್ಟರಲ್ಲೇ ಮತ್ತೆ ಚಾಲೂ ಆದರೆ ಮೋಟಾರು ಆ ಒತ್ತಡವನ್ನು ನೂಕಲಾರದೆ ಬಿಸಿಯಾಗಿ ಸುಡುತ್ತದೆ. ಅದಕ್ಕಾಗಿಯೇ ಕರೆಂಟು ಮರಳಿದ ಮೇಲೂ ಸುಮಾರು 3 ನಿಮಿಷ ತಡೆದು ಬಿಡುವ ಸ್ಟೆಬಿಲೈಜರ್ ಈ ಪೆಟ್ಟಿಗೆಯ ಅನಿವಾರ್ಯ ಜೊತೆಗಾರನಾಯಿತು. ಉಳಿದದ್ದು ನಿತ್ಯದ ಆರೈಕೆ. ಒಳಗೋಡೆಯಲ್ಲಿ ಕಟ್ಟಿದ ಐಸು ಅರ್ಧ ಸೆಂಟಿಮೀಟರ್ ದಪ್ಪವಾದಾಗ ಪೆಟ್ಟಿಗೆಯನ್ನು ಬಂದ್ ಮಾಡಿ ಕರಗಿಸಬೇಕು, ಚಾಕುವಿನಿಂದ ಕೆರೆಯಬಾರದು. ಸುರುಳಿಗೆ ಒಂದು ಗೀರು ಬಿದ್ದರೂ ಗ್ಯಾಸೆಲ್ಲ ಹೋಗುತ್ತದೆ. ಕಂಡೆನ್ಸರಿನ ಧೂಳನ್ನು ಬ್ರಷ್ಷಿನಿಂದ ತೆಗೆಯಬೇಕು. ಗ್ರಾನೈಟ್ ಲಾರಿಗಳು ಓಡಾಡುವ ಕನಕಪುರದ ರಸ್ತೆಬದಿಯಲ್ಲಿ ಈ ಕೆಲಸ ಬೇರೆಡೆಗಿಂತ ಬೇಗ ಬೇಗ ಬರುತ್ತದೆ.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು ಮೈಸೂರು ಹೊಸ ಹೆದ್ದಾರಿ ರಾಮನಗರ ಚನ್ನಪಟ್ಟಣಗಳನ್ನು ಬಳಸಿ ಹೊರಗಿನಿಂದ ಸಾಗಿದ್ದರಿಂದ, ಪ್ರವಾಸಿಗರನ್ನು ನಂಬಿ ಹಳೆಯ ರಸ್ತೆಯ ಇಕ್ಕೆಲಗಳಲ್ಲಿ ಫ್ರೀಜರ್ ಇಟ್ಟಿದ್ದ ಅಂಗಡಿಗಳ ವ್ಯಾಪಾರ ಕುಗ್ಗಿತು. ಮಾರಾಟ ಇಳಿದರೂ ಯಂತ್ರದ ಖರ್ಚು ಅಷ್ಟಾಗಿ ಇಳಿಯದು; ಅರ್ಧ ಖಾಲಿಯಾದ ಪೆಟ್ಟಿಗೆಯೂ ಹಗಲಿರುಳು ಓಡಲೇಬೇಕು. ಈ ನಷ್ಟ ಹೆದ್ದಾರಿಯ ಲಾಭನಷ್ಟದ ಲೆಕ್ಕದಲ್ಲಿ ಕಾಣಿಸಿಕೊಳ್ಳದಿರುವುದು ವಿಷಾದದ ಸಂಗತಿ.

ಈ ದಶಕಗಳುದ್ದಕ್ಕೂ ಪೆಟ್ಟಿಗೆಯೊಳಗಿನ ಗ್ಯಾಸೂ ಬದಲಾಗುತ್ತ ಬಂದಿತು, ಅದರ ಹೊರೆ ಸ್ಥಳೀಯ ಮೆಕ್ಯಾನಿಕ್ಕುಗಳ ಮೇಲೆ ಬಿತ್ತು. 1930ರ ಸುಮಾರಿಗೆ ಬಳಕೆಗೆ ಬಂದ ಆರ್-12 ವಿಷವಲ್ಲದ, ಉರಿಯದ ಅನಿಲವಾದ್ದರಿಂದ ದಶಕಗಳ ಕಾಲ ಮೆಚ್ಚುಗೆ ಪಡೆದಿತ್ತು. ಅದು ವಾತಾವರಣದ ಓಜೋನ್ ಪದರವನ್ನು ಸವೆಸುತ್ತದೆಂದು ತಿಳಿದ ಮೇಲೆ 1987ರ ಮಾಂಟ್ರಿಯಲ್ ಒಪ್ಪಂದ ಅದನ್ನು ಕೈಬಿಡಲು ಹೇಳಿತು. 1992ರಲ್ಲಿ ಒಪ್ಪಂದ ಸೇರಿದ ಭಾರತ 2010ರ ಹೊತ್ತಿಗೆ ಅದನ್ನು ನಿಲ್ಲಿಸಿತು. ಬದಲಿಗೆ ಬಂದ ಆರ್-134ಎ ಹಳೆಯ ಖನಿಜ ಎಣ್ಣೆಯೊಡನೆ ಬೆರೆಯದ ಕಾರಣ, ಹಳೆಯ ಪೆಟ್ಟಿಗೆಗೆ ಹೊಸ ಗ್ಯಾಸು ತುಂಬಿದರೆ ಕಂಪ್ರೆಸರ್ ಒಣಗಿ ಹಿಡಿದುಕೊಳ್ಳುತ್ತಿತ್ತು. ಓಜೋನಿಗೆ ಕೇಡಿಲ್ಲದ ಈ ಅನಿಲವೂ, ಅದರ ಜೊತೆಯ ಆರ್-404ಎ ಕೂಡ, ಭೂಮಿಯ ಬಿಸಿಯನ್ನು ಏರಿಸುತ್ತವೆ. ಅವುಗಳನ್ನು ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅಂಗೀಕರಿಸಿತು. ಈಗಿನ ಹೊಸ ಪೆಟ್ಟಿಗೆಗಳಲ್ಲಿ ಹೆಚ್ಚುತ್ತಿರುವುದು ಆರ್-290, ಅಂದರೆ ಶುದ್ಧ ಪ್ರೋಪೇನ್. ವಾತಾವರಣಕ್ಕೆ ಅದು ಬಹುಮಟ್ಟಿಗೆ ನಿರಪಾಯ, ಆದರೆ ಉರಿಯುತ್ತದೆ, ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದ ಮಟ್ಟದಲ್ಲೇ ಕೂರುತ್ತದೆ. ಒಂದು ಚಿಕ್ಕ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 150 ಗ್ರಾಮಿಗಿಂತ ಕಡಿಮೆ ಇರುವ ಈ ಗ್ಯಾಸನ್ನು ಕಣ್ಣಂದಾಜಿನಲ್ಲಿ ತುಂಬಲಾಗದು, ತಕ್ಕಡಿಯಲ್ಲಿ ತೂಗಿಯೇ ತುಂಬಬೇಕು. ಬೆಸುಗೆ ಹಾಕುವ ಮೊದಲು ಗ್ಯಾಸನ್ನು ಬಯಲಿಗೆ ಬಿಟ್ಟು, ಕೊಳವೆಗಳನ್ನು ನೈಟ್ರೋಜನ್ನಿನಿಂದ ತೊಳೆಯಬೇಕು. ಕಂಪನಿಯ ಪೆಟ್ಟಿಗೆ ಕೆಟ್ಟರೆ ಕಂಪನಿಯ ನೌಕರ ಬರುತ್ತಾನೆ. ಅಂಗಡಿಯವರು ಸ್ವಂತ ಕೊಂಡ ಪೆಟ್ಟಿಗೆಗಳ ಪಾಲಿಗೆ ಊರಿನ ಮೆಕ್ಯಾನಿಕ್ಕೇ ಗತಿ. ಹಳೆಯ ಗ್ಯಾಸಿನ ಯಂತ್ರಗಳೂ ಹೊಸ ಗ್ಯಾಸಿನವೂ ಒಂದೇ ಬೀದಿಯಲ್ಲಿ ಓಡುತ್ತಿರುವ ಈ ಹೊತ್ತಿನಲ್ಲಿ ಅವನು ಟಾರ್ಚ್ ಹಚ್ಚುವ ಮುನ್ನ ಕಂಪ್ರೆಸರಿನ ಮೇಲಿನ ಲೇಬಲ್ಲನ್ನು ಓದಬೇಕಾಗಿದೆ, ಎರಡು ಬಗೆಯ ಎಣ್ಣೆಯನ್ನೂ ಎರಡು ಬಗೆಯ ಎಚ್ಚರವನ್ನೂ ಜೊತೆಯಲ್ಲಿಟ್ಟುಕೊಂಡೇ ಕೆಲಸಕ್ಕೆ ಹೋಗಬೇಕಾಗಿದೆ.