ಮೈಸೂರಿನಲ್ಲಿ ಹುಟ್ಟಿ ರೋಹಿಣಿಯಲ್ಲಿ ಮುಪ್ಪಾದ ಗಾಡಿಗಳು

ರೋಹಿಣಿ ಎಂದರೆ ನಮಗೆ ಮೊದಲು ಪಂಚಾಂಗದ ನಕ್ಷತ್ರ. ದೆಹಲಿಗೆ ಬಂದ ಮೇಲೆ ಅದು ಸೆಕ್ಟರುಗಳ ಊರಾಯಿತು. ದೆಹಲಿ ಅಭಿವೃದ್ಧಿ ಪ್ರಾಧಿಕಾರವು 1981ರಲ್ಲಿ ರೋಹಿಣಿ ವಸತಿ ಯೋಜನೆಯನ್ನು ಪ್ರಕಟಿಸಿದಾಗ ಅರ್ಜಿ ಹಾಕಿದವರಲ್ಲಿ ಬೇಗ ನಿವೇಶನ ಸಿಕ್ಕವರು ಪುಣ್ಯವಂತರು. ಸಿಗದವರು ದಶಕಗಟ್ಟಲೆ ಲಾಟರಿಯ ದಾರಿ ಕಾದರು. ಸಿಕ್ಕ ನಿವೇಶನವಾದರೂ ಎಷ್ಟು? 26 ಚದರ ಮೀಟರಿನಿಂದ 90 ಚದರ ಮೀಟರಿನವರೆಗೆ. ಅದರಲ್ಲಿ ಮನೆ, ಮೆಟ್ಟಿಲು, ನೀರಿನ ತೊಟ್ಟಿ ಎಲ್ಲವೂ ಆಗಬೇಕು. ಕಬ್ಬಿಣದ ಗೇಟಿನ ಹಿಂದೆ ಉಳಿಯುವ ಐದಾರು ಹೆಜ್ಜೆ ಜಾಗವೇ ನಮ್ಮ ಗ್ಯಾರೇಜು. 2004ರ ಮಾರ್ಚಿಯಲ್ಲಿ ಮೆಟ್ರೋ ರಿಠಾಲಾದವರೆಗೆ ಬಂತು. ಅಲ್ಲಿಯವರೆಗೆ ಊರಿನ ಈ ವಾಯವ್ಯ ಮೂಲೆಯಿಂದ ಕಛೇರಿಗೂ ರಾಮಕೃಷ್ಣಪುರದ ಕರ್ನಾಟಕ ಸಂಘಕ್ಕೂ ಹೋಗಿಬರಲು ಸ್ವಂತ ಗಾಡಿಯೇ ಗತಿಯಾಗಿತ್ತು. ಹಾಗಾಗಿ ಆ ಐದಾರು ಹೆಜ್ಜೆ ಜಾಗದಲ್ಲಿ ಭಾನುವಾರದ ಬೆಳಗ್ಗೆಗಳು ಸ್ಪ್ಯಾನರು, ಸೀಮೆಎಣ್ಣೆ, ಹಳೆಯ ಬನಿಯನ್ನುಗಳೊಡನೆ ಕಳೆದವು.

ಆ ಗಾಡಿಗಳಲ್ಲಿ ಕೆಲವು ನಮ್ಮ ನಾಡಿನವೇ. ಬಹಳ ಮಂದಿ ಇದನ್ನು ಮರೆತಿದ್ದಾರೆ. ನಮ್ಮ ಮಕ್ಕಳಿಗಂತೂ ಗೊತ್ತೇ ಇಲ್ಲ. ಭಾರತದಲ್ಲಿ ಮೋಟಾರು ಕಾರ್ಖಾನೆ ಆಗಬೇಕೆಂದು ಹಟ ತೊಟ್ಟವರಲ್ಲಿ ಮೊದಲಿಗರು ಸರ್ ಎಂ. ವಿಶ್ವೇಶ್ವರಯ್ಯನವರು. 1935ರಲ್ಲಿ, ಎಪ್ಪತ್ತನ್ನು ದಾಟಿದ ವಯಸ್ಸಿನಲ್ಲಿ, ಅವರು ಯುರೋಪು ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ಬಂದು ಯೋಜನೆಯೊಂದನ್ನು ಸಿದ್ಧಪಡಿಸಿದರು. ಅಂದಿನ ಬ್ರಿಟಿಷ್ ಸರ್ಕಾರಕ್ಕೆ ಅದು ರುಚಿಸಲಿಲ್ಲ, ಮೈಸೂರು ಸೀಮೆಗೆ ಕಾರಿನ ಕಾರ್ಖಾನೆ ಬರಲಿಲ್ಲ. ಅವರೊಡನೆ ಕೈಜೋಡಿಸಿದ್ದ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಮುಂದೆ ಫಿಯಟ್ಟೂ ಪದ್ಮಿನಿಯೂ ಹೊರಬಂದದ್ದು ಅಲ್ಲಿಂದಲೇ.

ಕಾರು ಬರದಿದ್ದರೇನು, ಮೈಸೂರಿಗೆ ಮೋಟಾರು ಸೈಕಲ್ಲು ಬಂತು. ವಿದೇಶೀ ಗಾಡಿಗಳ ಆಮದಿಗೆ ತಡೆ ಬಿದ್ದ ಕಾಲದಲ್ಲಿ ಇರಾನಿ ಮನೆತನದವರು ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯಿಂದ ಪರವಾನಗಿ ಪಡೆದು ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಕಟ್ಟಿದರು. 1961ರಿಂದ ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿಗಳು ಹೊರಟವು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಜಾವಾ ಹೆಸರು 2018ರಲ್ಲೂ ಯೆಜ್ಡಿ ಹೆಸರು 2022ರಲ್ಲೂ ಮತ್ತೆ ಬೀದಿಗೆ ಬಂದಿವೆ. ಆದರೆ ಅವು ಬೇರೆ ಸಂಸ್ಥೆಯ, ಬೇರೆ ಊರಿನ, ಬೇರೆ ಎಂಜಿನಿನ ಗಾಡಿಗಳು.

ಹಳೆಯ ಜಾವಾ ಕಂಡವರು ಅದರ ಚಮತ್ಕಾರವನ್ನು ಮರೆಯಲಾರರು. ಗೇರು ಹಾಕುವ ಸನ್ನೆಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುವಿದರೆ ಅದೇ ಕಿಕ್ಕು! ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕುವ ಎರಡು ಸ್ಟ್ರೋಕಿನ 250 ಸಿ.ಸಿ. ಎಂಜಿನು. ಚೈನು ಹೊರಗೆ ಕಾಣದಂತೆ ತಗಡಿನ ಪೂರ್ಣ ಕವಚ. ಪೆಟ್ರೋಲ್ ಟ್ಯಾಂಕಿನ ಎರಡು ಪಕ್ಕಗಳಲ್ಲಿ ಕ್ರೋಮಿನ ಹೊಳಪು, ಮೊಣಕಾಲಿಗೆ ತಗಲುವಲ್ಲಿ ರಬ್ಬರು ಮೆತ್ತೆ. ತುಕ್ಕಿನ ಕಥೆ ಶುರುವಾಗುವುದು ಈ ಅಂದದ ಜಾಗಗಳಿಂದಲೇ. ರಬ್ಬರಿನ ಕೆಳಗೆ ಮಳೆನೀರು ನಿಂತರೆ ಒಣಗದು. ಚೈನು ಕವಚ ಧೂಳನ್ನು ತಡೆಯುತ್ತದೆ, ಆದರೆ ಒಳಸೇರಿದ ನೀರನ್ನು ತಳದಲ್ಲಿ ಹಿಡಿದಿಡುತ್ತದೆ. ಗಾಡಿ ಓಡುತ್ತಿದ್ದರೆ ಟ್ಯಾಂಕಿನ ಒಳಗೋಡೆಗೆ ಎಣ್ಣೆಯ ಪಸೆ ಇರುತ್ತದೆ. ಅರ್ಧ ತುಂಬಿಸಿ ಆರು ತಿಂಗಳು ನಿಲ್ಲಿಸಿದಿರೋ, ಮೇಲರ್ಧದ ಗಾಳಿಯಲ್ಲಿನ ತೇವ ರಾತ್ರಿಯ ಚಳಿಗೆ ಹನಿಗಟ್ಟಿ ತುಕ್ಕಾಗುತ್ತದೆ.

ಮಂಗಳೂರು, ಕಾಸರಗೋಡಿನವರು ಇದನ್ನು ಓದಿ ನಕ್ಕಾರು. ಅವರಿಗೆ ಸಮುದ್ರದ ಉಪ್ಪುಗಾಳಿಯೇ ಇದೆ. ಆದರೂ ದೆಹಲಿ ಒಣಗಿದ ಊರೆಂದು ನಂಬಿ ನಿಶ್ಚಿಂತರಾಗುವಂತಿಲ್ಲ. ಮೇ ತಿಂಗಳ ಲೂ ಗಾಳಿಯಲ್ಲಿ ಬಣ್ಣ ಸಿಡಿಯುತ್ತದೆ; ಜುಲೈ ಮಳೆ ಆ ಸೀಳಿಗೆ ಇಳಿಯುತ್ತದೆ; ಡಿಸೆಂಬರ್ ಜನವರಿಗಳ ಮಂಜು ಬೆಳಗಿನ ಹೊತ್ತಿಗೆ ಇಡೀ ಗಾಡಿಯನ್ನು ತೋಯಿಸುತ್ತದೆ, ಹೊಗೆ ಧೂಳಿನ ಸಮೇತ. ಇಲ್ಲಿನ ಮಿಸ್ತ್ರಿಗಳು ಇದಕ್ಕೆ 'ಜಂಗ್' ಎನ್ನುತ್ತಾರೆ. ನಮ್ಮಲ್ಲಿ ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಕಿಲುಬು. ಎರಡೂ ಬೇರೆ ಬೇರೆ ರೋಗಗಳೆಂದು ನಮ್ಮ ಅಜ್ಜಿಯರು ಬಲ್ಲವರಾಗಿದ್ದರು. ಕಿಲುಬು ಮೇಲೆ ಕೂತು ಕೆಳಗಿನ ಲೋಹವನ್ನು ಒಂದಿಷ್ಟು ಕಾಯುತ್ತದೆ. ತುಕ್ಕು ಹಾಗಲ್ಲ; ಸಡಿಲವಾಗಿ ಉದುರುತ್ತ ಹೊಸ ಕಬ್ಬಿಣವನ್ನು ಗಾಳಿನೀರಿಗೆ ಒಡ್ಡುತ್ತ ಹೋಗುತ್ತದೆ.

ಆದ್ದರಿಂದಲೇ ಬೀದಿಬದಿಯ 'ಡೆಂಟಿಂಗ್-ಪೇಂಟಿಂಗ್' ಕೆಲಸವನ್ನು ನಾವು ಹೆಚ್ಚು ನಂಬುವುದಿಲ್ಲ. ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ ಮಿರಿಮಿರಿ ಬಣ್ಣ ಹೊಡೆದರೆ ಒಂದು ದೀಪಾವಳಿಗೆ ಚೆಂದ, ಮುಂದಿನ ದೀಪಾವಳಿಗೆ ಗುಳ್ಳೆ. ಮನೆಯಲ್ಲಿ ಮಾಡುವವರಿಗೆ ಬೇಕಾದದ್ದು ತಾಳ್ಮೆಯೇ ಹೊರತು ದೊಡ್ಡ ಯಂತ್ರಗಳಲ್ಲ. ತಂತಿ ಬ್ರಷ್ಷು, ಉಪ್ಪುಕಾಗದಗಳಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಬೇಕು. ಗುಂಡಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಸವರಿದರೆ ಅದು ಕಬ್ಬಿಣದ ಫಾಸ್ಫೇಟಾಗಿ ಗಟ್ಟಿ ಕೂರುತ್ತದೆ. ಅನಂತರ ತೊಳೆದು, ಚೆನ್ನಾಗಿ ಒಣಗಿಸಿ, ರೆಡ್ ಆಕ್ಸೈಡ್ ಎರಡು ಸಲ, ಆಮೇಲೆ ಬಣ್ಣ. ಟ್ಯಾಂಕಿನ ಒಳಗೆ ಕೈ ಹೋಗದು. ಒಂದು ಹಿಡಿ ಸಣ್ಣ ನಟ್ಟುಗಳನ್ನೂ ಸೀಮೆಎಣ್ಣೆಯನ್ನೂ ಹಾಕಿ ಮಗುವನ್ನು ತೂಗಿದಂತೆ ಅರ್ಧ ದಿನ ತೂಗಬೇಕು. ತೂತು ಬಿದ್ದಿದ್ದರೆ ಬೆಸುಗೆಯವನ ಬಳಿ ಒಯ್ಯಿರಿ. ಆದರೆ ಖಾಲಿ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿನ ಆವಿ ಸಿಡಿಮದ್ದಿಗೆ ಸಮ. ಪೂರ್ತಿ ತೊಳೆದು, ಬೆಸುಗೆಯ ಜಾಗದವರೆಗೆ ನೀರು ತುಂಬಿದ ಮೇಲೆಯೇ ಬೆಂಕಿ ತೋರಿಸಬೇಕು.

ಕಾರುಗಳಲ್ಲಿ ಶತ್ರು ಇರುವುದು ತಳದಲ್ಲಿ, ಬಾಗಿಲುಗಳ ಒಳಗೆ. ಬಾಗಿಲಿನ ಅಡಿ ಅಂಚಿನಲ್ಲಿ ನೀರಿಳಿಯಲು ಸಣ್ಣ ರಂಧ್ರಗಳಿರುತ್ತವೆ. ಬಣ್ಣ ಹೊಡೆಯುವವರು ಅವನ್ನು ಮುಚ್ಚಿಬಿಡುತ್ತಾರೆ. ಸೂಜಿ ಹಾಕಿ ತೆರೆದರೆ ಅರ್ಧ ರೋಗ ವಾಸಿ. ಹಿಂದೆ ಸರ್ವೀಸ್ ಸ್ಟೇಷನ್ನಿನಲ್ಲಿ ಗಾಡಿ ತೊಳೆದು ಅಡಿಗೆ ಹಳೆಯ ಎಣ್ಣೆ ಚಿಮುಕಿಸಿ ಕಳಿಸುತ್ತಿದ್ದರು. ನೋಡಲು ಅಸಹ್ಯ, ಕೆಲಸದಲ್ಲಿ ಒಳ್ಳೆಯದು. ಆಮೇಲೆ ಬಂದ ಡಾಂಬರಿನ ಲೇಪ, ಒಳಗೆ ತುಕ್ಕಿದ್ದರೆ ಅದನ್ನು ಬಚ್ಚಿಟ್ಟು ಸಾಕುತ್ತದೆ. ಹೊಸ ಕಾರುಗಳಿಗೆ ಸತುವಿನ ಲೇಪವಿರುತ್ತದೆ. ಗೀರು ಬಿದ್ದರೂ ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ತವರಕ್ಕೆ ಆ ಔದಾರ್ಯವಿಲ್ಲ.

ಫಾಸ್ಫೇಟಿನ ಮಾತು ಬಂದಾಗ ಮೆಹ್ರೌಲಿಯ ಕಬ್ಬಿಣದ ಸ್ತಂಭವನ್ನು ನೆನೆಯದೆ ಇರಲಾಗದು. ಊರಿನಿಂದ ಬಂದ ನೆಂಟರಿಗೆಲ್ಲ ಅದನ್ನು ತೋರಿಸಿದ್ದೇವೆ. ಆರು ಟನ್ನಿಗೂ ಮೀರಿದ ತೂಕ, ಸುಮಾರು 1600 ವರ್ಷಗಳ ಆಯುಷ್ಯ. ಕಾನ್ಪುರದ ಐ.ಐ.ಟಿ.ಯ ಪ್ರೊ. ಆರ್. ಬಾಲಸುಬ್ರಮಣಿಯಂ ಅವರು ಅದರ ಗುಟ್ಟನ್ನು ಬಿಡಿಸಿದರು: ಇದ್ದಿಲಿನಲ್ಲಿ ಕರಗಿಸದೆ ಕಾಯಿಸಿ ಬಡಿದು ಮಾಡಿದ ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು; ತೇವವೂ ಬಿಸಿಲೂ ಸರದಿಯಲ್ಲಿ ತಗಲುತ್ತ ಹೋದಂತೆ ಮೈಮೇಲೆ ಕಬ್ಬಿಣದ ಫಾಸ್ಫೇಟಿನ ತೆಳುಪೊರೆಯೊಂದು ಬೆಳೆದು ಅದೇ ಕವಚವಾಯಿತು. ನಾವು ಸೀಸೆಯ ಆಮ್ಲದಿಂದ ತಗಡಿನ ಮೇಲೆ ಬರಿಸಲು ನೋಡುವುದೂ ಅದೇ ಜಾತಿಯ ಪೊರೆ. ದೆಹಲಿಗಾದರೂ ಒಣ ಹವೆಯ ನೆಪವುಂಟು. ನಮ್ಮ ಕೊಡಚಾದ್ರಿಯ ಮೇಲೆ, ಆದಿ ಮೂಕಾಂಬಿಕೆಯ ಗುಡಿಯ ಎದುರು, ಮಲೆನಾಡಿನ ಜಡಿಮಳೆಯಲ್ಲಿ ನೆನೆಯುತ್ತ ನಿಂತಿರುವ ಕಬ್ಬಿಣದ ಸ್ತಂಭಕ್ಕೆ ಆ ನೆಪವೂ ಇಲ್ಲ. ನಮ್ಮವರು ಕೊಲ್ಲೂರಿಗೆ ಹೋಗುತ್ತಾರೆ. ಬೆಟ್ಟ ಹತ್ತಿ ಅದನ್ನು ನೋಡಿಬರುವವರು ಕಡಿಮೆ.

ಇಷ್ಟೆಲ್ಲ ಮಾಡಿ ತುಕ್ಕನ್ನು ಗೆದ್ದವರಿಗೆ ಕಾನೂನು ಎದುರಾಯಿತು. 1998ರಲ್ಲಿ ಸುಪ್ರೀಂ ಕೋರ್ಟು ಹದಿನೈದು ವರ್ಷ ಮೀರಿದ ಬಾಡಿಗೆ ವಾಹನಗಳನ್ನು ದೆಹಲಿಯಿಂದ ಹೊರಹಾಕಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2014ರಲ್ಲಿ ಹದಿನೈದು ವರ್ಷ ಮೀರಿದ ಎಲ್ಲ ವಾಹನಗಳನ್ನೂ, 2015ರಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳನ್ನೂ ಓಡಿಸಕೂಡದೆಂದಿತು. 2018ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಬಲ ಕೊಟ್ಟಿತು. 2025ರ ಜುಲೈ 1ರಿಂದ ಇಂಥ ಗಾಡಿಗಳಿಗೆ ಬಂಕಿನಲ್ಲಿ ಪೆಟ್ರೋಲೇ ಇಲ್ಲವೆಂದರು, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದರು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಕೇವಲ ವಯಸ್ಸಿನ ಕಾರಣಕ್ಕೆ ಕ್ರಮ ಬೇಡವೆಂದಿತು. ಡಿಸೆಂಬರಿನಲ್ಲಿ ಆ ರಕ್ಷಣೆಯನ್ನು ಬಿ.ಎಸ್. 4 ಮತ್ತು ನಂತರದ ಗಾಡಿಗಳಿಗಷ್ಟೇ ಸೀಮಿತಗೊಳಿಸಿತು. ಭಾರತ್ ಮಾನದಂಡಗಳು ಹುಟ್ಟುವ ಮೊದಲೇ ನಿಂತುಹೋದ ಮೈಸೂರಿನ ಗಾಡಿಗೆ ಇದರಿಂದ ಏನೂ ದಕ್ಕಲಿಲ್ಲ.

ಹೊಗೆಯ ದೂರು ಸುಳ್ಳಲ್ಲ. ಎಣ್ಣೆ ಸುಡುವ ಎಂಜಿನನ್ನು ದಿನವೂ ಓಡಿಸುವೆನೆಂದರೆ, ನವೆಂಬರಿನಲ್ಲಿ ಮಕ್ಕಳ ಕೆಮ್ಮು ಕೇಳಿದ ನಾವು ಒಪ್ಪಲಾರೆವು. ಆದರೆ ತಿಂಗಳಿಗೊಮ್ಮೆ ಗೇಟಿನಾಚೆ ತಲೆಹಾಕುವ ಮುದುಕನನ್ನು ಗುಜರಿಗೆ ಅಟ್ಟುವುದು ಹೆಚ್ಚಾಯಿತು. 2021ರ ಕೇಂದ್ರ ನಿಯಮಗಳಂತೆ ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ. ದಿನಬಳಕೆ ಕೂಡದು, ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದವಕ್ಕೆ ಮಾತ್ರ. ಚಾಸಿ, ಮೈ, ಎಂಜಿನುಗಳು ಮೂಲರೂಪದಲ್ಲೇ ಇರಬೇಕು. ಹಾಗಾಗಿ ತುಕ್ಕನ್ನು ಕತ್ತರಿಸಿ ತೆಗೆಯುವವರು ಕೈ ಹಿಡಿದು ಕತ್ತರಿಸಬೇಕು. ಅರವತ್ತರ ದಶಕದ ಜಾವಾ ಈ ಬಾಗಿಲಲ್ಲಿ ನುಸುಳುತ್ತದೆ. ಎಂಬತ್ತರ ದಶಕದ ಯೆಜ್ಡಿ ರೋಡ್‌ಕಿಂಗ್ ಹದಿನೈದಕ್ಕೂ ಐವತ್ತಕ್ಕೂ ನಡುವೆ ತ್ರಿಶಂಕುವಾಗಿದೆ.

ಉಳಿದ ದಾರಿ ಊರಿಗೆ ಕಳಿಸುವುದು. ಸಾರಿಗೆ ಕಛೇರಿಯಿಂದ ನಿರಾಕ್ಷೇಪಣಾ ಪತ್ರ ಪಡೆದು ಕರ್ನಾಟಕದಲ್ಲಿ ನೋಂದಾಯಿಸಿದರೆ, ತಪಾಸಣೆಯಲ್ಲಿ ಗೆದ್ದ ಗಾಡಿಗೆ ಐದೈದು ವರ್ಷ ಆಯುಷ್ಯ ಸಿಗುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್ಸಿನ ಪಾರ್ಸೆಲ್ ಡಬ್ಬಿಯಲ್ಲಿ ಗೋಣಿ ಸುತ್ತಿಕೊಂಡು ಬೆಂಗಳೂರಿಗೆ ಹೋಗಬಹುದು. ರೈಲಿನವರು ಪೆಟ್ರೋಲನ್ನು ಪೂರ್ತಿ ಬಸಿದ ಮೇಲೆಯೇ ಗಾಡಿಯನ್ನು ಹತ್ತಿಸಿಕೊಳ್ಳುತ್ತಾರೆ. ಬರಿದಾದ ಟ್ಯಾಂಕು ಪಾರ್ಸೆಲ್ ಗೋದಾಮಿನಲ್ಲಿ ವಾರಗಟ್ಟಲೆ ಬಿದ್ದಿರಬಹುದಾದ್ದರಿಂದ, ಕಳಿಸುವ ಮುನ್ನ ಒಂದು ಲೋಟ ಎಂಜಿನ್ ಎಣ್ಣೆ ಹಾಕಿ ಎಲ್ಲ ಗೋಡೆಗೂ ತಾಗುವಂತೆ ಆಡಿಸಿ, ಬಸಿದು, ಮುಚ್ಚಳ ಬಿಗಿಯಿರಿ.